ಹುಣಸೆಹಣ್ಣಿನಲ್ಲಿ ಬೆಳಗಿದ ತಂತಿಗಳು

ಶ್ಯಾಮನಿಗೆ ಸದ್ದು ಅಡಗಿಸುವುದು ಗೊತ್ತಿತ್ತು. ಸದ್ದು ಹುಟ್ಟಿಸುವುದು ಗೊತ್ತೇ ಎಂದು ಯಾರೂ ಅವನನ್ನು ಈವರೆಗೆ ಕೇಳಿರಲಿಲ್ಲ. ಅಮೆರಿಕದ ವಾರೆನ್ ಊರಿನ ದೊಡ್ಡ ಕಾರು ಕಂಪನಿಯಲ್ಲಿ ಒಂಬತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಹೊಸ ಮಾಡೆಲ್ಲಿನ ಕಾರೊಳಗೆ ಕೂತು, ಎಪ್ಪತ್ತು ಮೈಲಿ ವೇಗದಲ್ಲಿ ಎಲ್ಲಿ ಗುಂಯ್ ಅನ್ನುತ್ತದೆ, ಯಾವ ಬಾಗಿಲು ಕಟಕಟ ಅನ್ನುತ್ತದೆ ಎಂದು ಕಿವಿಗೊಟ್ಟು ಹುಡುಕುವುದು. ಸಿಕ್ಕ ಜಾಗಕ್ಕೆ ಫೋಮನ್ನೋ ರಬ್ಬರನ್ನೋ ತುರುಕಿ ಅದರ ಬಾಯಿ ಮುಚ್ಚಿಸುವುದು. ಅಂಥವನಿಗೆ ಆ ಬೇಸಗೆಯಲ್ಲಿ ಕಂಪನಿ, ಇನ್ನು ಸಾಕು, ಮನೆಗೆ ನಡಿ ಅಂದಿತು. ಅವನೊಬ್ಬನಿಗೇ ಅಲ್ಲ, ಅವನ ಸಾಲಿನಲ್ಲಿ ಕೂತಿದ್ದ ಮುಕ್ಕಾಲು ಪಾಲು ಜನರಿಗೆ. 2009ರಲ್ಲಿ ಡೆಟ್ರಾಯಿಟಿನ ಸುತ್ತಮುತ್ತ ಇದು ಸುದ್ದಿಯೇ ಅಲ್ಲ. ಕ್ಯಾಂಟನ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತ ಜನ "ನಿಮ್ದೂ ಹೋಯ್ತಾ?" ಎಂದು ನೆಗಡಿ ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು.

ಸಂಬಳ ಅಕ್ಟೋಬರ್ ಕೊನೆಯವರೆಗೆ ಬರುತ್ತದೆ ಎಂದಿದ್ದರು. ವೀಸಾದ ಆಯಸ್ಸೂ ಅಷ್ಟೇ. ಅಷ್ಟರೊಳಗೆ ಬೇರೆ ಕಂಪನಿಯೊಂದು ಅವನನ್ನು ತನ್ನವನೆಂದು ಒಪ್ಪಿಕೊಂಡು ಅರ್ಜಿ ಹಾಕದಿದ್ದರೆ ಮನೆ ಖಾಲಿ ಮಾಡಿ, ಹತ್ತನೇ ಕ್ಲಾಸಿನ ಮಗಳು ವಿಭಾಳನ್ನು ಸ್ಕೂಲಿನಿಂದ ಬಿಡಿಸಿ, ವಿಮಾನ ಹತ್ತಬೇಕು. ಹೆಂಡತಿ ಪ್ರಭಾಳ ವೀಸಾ ಅವನದಕ್ಕೆ ಕಟ್ಟಿದ ಬಾಲ. ಅವಳು ಕೆಲಸ ಮಾಡುವ ಹಾಗಿಲ್ಲ. ಈ ಸಂಭ್ರಮದ ನಡುವೆ ಅತ್ತೆ ಪದ್ಮಮ್ಮ ಬೇರೆ ಮೈಸೂರಿನಿಂದ ಬಂದು ಕೂತಿದ್ದರು. ಕೆಲಸ ಹೋಗುವ ಮೊದಲೇ ಟಿಕೆಟ್ ಮಾಡಿಸಿಯಾಗಿತ್ತು. ಇಲ್ಲಿಯ ಪ್ಯಾಕೆಟ್ಟಿನ ಹುಣಸೆಹಣ್ಣಿಗೆ ಹುಳಿಯೇ ಇರುವುದಿಲ್ಲ ಎಂದು ಅವರು ಒಂದು ಡಬ್ಬಿ ತುಂಬ ಹುಣಸೆಹಣ್ಣನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಹೂತು ತಂದಿದ್ದರು.

ಶ್ಯಾಮ ಎಲ್ಲೆಲ್ಲೋ ಅಪ್ಲೈ ಮಾಡಿದ. ಉತ್ತರ ಬಂದದ್ದು ಒಂದೇ ಕಡೆಯಿಂದ. ಶಿಕಾಗೋ ಹತ್ತಿರದ ಎಲ್ಜಿನ್‌ನಲ್ಲಿ ನೊವಾಕ್ ಎಂಬ ಸಣ್ಣ ಕಂಪನಿ, ಗಿಟಾರುಗಳಿಗೆ ಪಿಕಪ್ ಮಾಡುವುದು. ಪಿಕಪ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ಕಿವಿ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಅದಕ್ಕೆ ಕೇಳಿಸುತ್ತದೆ, ಅದಕ್ಕೆ ಕೇಳಿಸಿದ್ದು ಲೋಕಕ್ಕೆ ಕೇಳಿಸುತ್ತದೆ. ಕಂಪನಿಯ ಒಡತಿ ಹೆಲೆನ್ ನೊವಾಕ್ ಎಂಬ ಮುದುಕಿ ತಾನೇ ಫೋನ್ ಮಾಡಿದ್ದಳು.

"ನಮಗೆ ತಾಮ್ರದ ತಂತಿ ಕೊಡುತ್ತಿದ್ದ ಮಿಲ್ಲು ಮುಚ್ಚಿಹೋಯಿತು. ಬೇರೆ ಕಡೆಯಿಂದ ತಂದು, ಅಷ್ಟೇ ಸುತ್ತು ಸುತ್ತಿದರೂ ಹಳೆಯ ಸ್ವರ ಬರುತ್ತಿಲ್ಲ. ಗಿರಾಕಿಗಳು ವಾಪಸು ಕಳಿಸುತ್ತಿದ್ದಾರೆ. ಯಾಕೆ ಅಂತ ಹುಡುಕುವ ಕಿವಿ ಬೇಕು ನನಗೆ," ಅಂದಳು. ಆಮೇಲೆ, "ನಿನ್ನ ರೆಸ್ಯೂಮೆ ಓದಿದೆ, ಒಂದಕ್ಷರ ಅರ್ಥವಾಗಲಿಲ್ಲ. ಒಂದು ಬೇಸ್ ಗಿಟಾರ್ ತಗೊಂಡು ಬಾ. ಬೇಸ್‌ಗೆ ಸರಿಯಾದ ಸ್ವರ ಯಾವುದು ಅಂತ ನಿನಗನ್ನಿಸುತ್ತದೋ ಅದು ಅದರಲ್ಲಿ ಇರಬೇಕು. ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ," ಎಂದು ಸೆಪ್ಟೆಂಬರ್ ಕೊನೆಯ ಸೋಮವಾರ ಬರಹೇಳಿದಳು.

ಪ್ರಭಾ ಕ್ಯಾಲೆಂಡರ್ ನೋಡಿ, "ವಿಜಯದಶಮಿ ಕಣ್ರೀ ಅವತ್ತು! ಆಗೇ ಆಗುತ್ತೆ ಬಿಡಿ," ಅಂದಳು. ಶ್ಯಾಮನಿಗೆ ಅವತ್ತಿನಿಂದ ನಿದ್ದೆ ಹಾರಿಹೋಯಿತು.

ಬೇಸ್, ಅಂದರೆ ಹಾಡಿನ ಅಡಿಯಲ್ಲಿ ಮಂದ್ರ ಸ್ವರ ಹಿಡಿಯುವ ನಾಲ್ಕು ತಂತಿಯ ಗಿಟಾರು, ಅದನ್ನು ನುಡಿಸುವುದು ಅವನಿಗೆ ಹೊಸದಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಆರ್ಕೆಸ್ಟ್ರಾ ಒಂದರಲ್ಲಿ ಸೇರಿ ಗಣೇಶನ ಪೆಂಡಾಲುಗಳಲ್ಲಿ ನುಡಿಸಿದ್ದ. ಹಾಡುವವನಿಗೆ ಶಿಳ್ಳೆ, ಕೀಬೋರ್ಡಿನವನಿಗೆ ಚಪ್ಪಾಳೆ, ಬೇಸಿನವನಿಗೆ ಎಲ್ಲರಿಗೂ ಕಾಫಿ ಹೇಳಿ ಬರುವ ಕೆಲಸ. ಆದರೆ ಒಂದು ದಿನ ಹಾಡಿನ ಮಧ್ಯೆ ಅವನ ವೈರ್ ಕಿತ್ತುಬಂದಾಗ, ಕೂತ ಜನ ಏನೋ ಕಳೆದುಹೋದಂತೆ ಅತ್ತಿತ್ತ ನೋಡಿದ್ದರು. ಏನು ಕಳೆಯಿತೆಂದು ಒಬ್ಬರಿಗೂ ತಿಳಿಯಲಿಲ್ಲ. ಶ್ಯಾಮನಿಗೆ ಬೇಸ್ ಮೇಲೆ ಪ್ರೀತಿ ಹುಟ್ಟಿದ್ದು ಆ ದಿನ.

ಈಗ ಬೇಸ್‌ಮೆಂಟಿನಲ್ಲಿ ಅವನದೊಂದು ಬೇಸ್ ಇತ್ತು. ಅದಕ್ಕೆ ಎರಡು ಸಪೂರ ಪಿಕಪ್ಪುಗಳು; ಮಾತು ಸ್ಪಷ್ಟ, ಆದರೆ ಸ್ವಲ್ಪ ಮೂಗಿನಲ್ಲಿ. ಸುಮ್ಮನಿದ್ದಾಗಲೂ ಹಿಂದೆ ಹಮ್ಮೆಂದು ಫ್ರಿಜ್ಜಿನ ಹಾಗೆ ಗುನುಗುತ್ತಿತ್ತು. ಒಂದು ಪಿಕಪ್ಪನ್ನು ಎರಡು ತುಂಡಾಗಿ ಒಡೆದು ಹಿಂದೆ ಮುಂದೆ ಕೂರಿಸಿರುವ ಇನ್ನೊಂದು ಜಾತಿಯ ಬೇಸನ್ನು ಗೆಳೆಯನಿಂದ ತಂದು ನೋಡಿದ. ಅದಕ್ಕೆ ಗುನುಗಿಲ್ಲ, ಎದೆಯೂ ದೊಡ್ಡದು. ತಂತಿಯಲ್ಲಿ ಮತ್ತೆ ಎರಡು ಪಂಗಡ. ಉರುಟು ಸುತ್ತಿನ ತಂತಿ ಝಣ್ ಎಂದು ಹೊಳೆಯುತ್ತದೆ, ಬೆರಳು ಜಾರಿದರೆ ಕೀರೆನ್ನುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ ತಂತಿ ನುಣುಪು, ಧಮ್ಮೆಂದು ಸುಮ್ಮನಾಗುತ್ತದೆ. ಪಿಕಪ್ ಇದಾದರೆ ತಂತಿ ಅದು, ತಂತಿ ಇದಾದರೆ ಪಿಕಪ್ ಅದು ಎಂದು ಶ್ಯಾಮ ಬಿಚ್ಚಿ ಹಾಕಿದ, ಹಾಕಿ ಬಿಚ್ಚಿದ. ಸರಿಯಾದ ಸ್ವರ ಯಾವುದು? ಒಂಬತ್ತು ವರ್ಷ ಬೇಡದ ಸದ್ದನ್ನೇ ಕೇಳಿದ ಕಿವಿಗೆ ಎಲ್ಲದರಲ್ಲೂ ಬೇಡದ್ದೇ ಕೇಳಿಸುತ್ತಿತ್ತು. ನೊವಾಕ್ ಮುದುಕಿ ಕಣ್ಣು ಮುಚ್ಚಿ ಕೂತು ತಲೆ ಅಲ್ಲಾಡಿಸುವ ಕನಸು ಬಿದ್ದು ಬೆವರುತ್ತಿದ್ದ.

"ಎಲ್ಲಾ ಒಂದೇ ತರ ಕೇಳ್ಸುತ್ತಪ್ಪಾ ನಂಗೆ," ಎಂದು ಪ್ರಭಾ ಮೆಟ್ಟಿಲ ಮೇಲಿನಿಂದ ಹೇಳುವಳು. ಹೆದರಿಕೆ ಅವಳಿಗೂ ಇತ್ತು. ಅದಕ್ಕೇ ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲಿಗೆ ಬರುತ್ತಿದ್ದಳು.

ಕೊನೆಗೆ ಸ್ವರ ಸಿಕ್ಕಿದ್ದು ಪ್ಲಿಮತ್‌ನಲ್ಲಿ, ಮಜೀದನ ಅಂಗಡಿಯಲ್ಲಿ. ಮಜೀದ್ ವಿಜಯಪುರದವನು, ಸೆಕೆಂಡ್ ಹ್ಯಾಂಡ್ ವಾದ್ಯಗಳ ವ್ಯಾಪಾರ. ಆ ವರ್ಷ ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲಸ ಹೋದವರೆಲ್ಲ ಗಿಟಾರು, ಡ್ರಮ್ಮು ತಂದು ಸುರಿದಿದ್ದರು. ಮಾರುವವರೇ ಎಲ್ಲ, ಕೊಳ್ಳುವವರಿಲ್ಲ. ಮೂಲೆಯಲ್ಲಿ ನೇತುಹಾಕಿದ್ದ ಒಂದು ಬಣ್ಣಗೆಟ್ಟ ಬೇಸನ್ನು ಶ್ಯಾಮ ಏನೋ ನೋಡೋಣವೆಂದು ಕೈಗೆತ್ತಿಕೊಂಡ. ಎರಡು ತುಂಡಿನ ಪಿಕಪ್, ಚಪ್ಪಟೆ ತಂತಿ. ತಂತಿಗಳು ಕಪ್ಪಗಾಗಿ, ಬಾಣಲೆಯ ತಳದ ಹಾಗೆ ಜಿಡ್ಡು ಹಿಡಿದಿದ್ದವು. ದಪ್ಪ ತಂತಿಯನ್ನು ಒಮ್ಮೆ ಮೀಟಿದ.

ಸ್ವರ ದುಂಡಗೆ ಎದ್ದು, ತನ್ನ ಮಾತು ಹೇಳಿ, ಕೂತಿತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಶ್ಯಾಮನ ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗಿ ತಲೆ ತಗ್ಗಿಸಿ ಮತ್ತೊಮ್ಮೆ ಮೀಟಿದ.

"ಚರ್ಚಿನ್ಯಾಗ ನುಡಸ್ತಿದ್ನಂತ್ರೀ ಇದನ್ನ ಒಬ್ಬಾವ," ಅಂದ ಮಜೀದ್. "ಪ್ಲಾಂಟ್ ಬಂದ್ ಆತು, ತಂದು ಕೊಟ್ಟ. ಕೊಡೂ ಮುಂದ ಭಾಳ ಹೊತ್ತು ಹಿಡಕೊಂಡು ನಿಂತಿದ್ದ ಪಾಪ."

"ತಂತಿ ತುಂಬಾ ಗಲೀಜಾಗಿದೆ ಅಲ್ವಾ?"

"ಗಲೀಜ್ ಅನಬ್ಯಾಡ್ರಿ ಶ್ಯಾಮ್ ಸಾಹೇಬ್ರ! ಅದ ಅದರ ಜೀವಾ. ಇಪ್ಪತ್ತು ವರ್ಷದ ಬೆವರು ಆ ಪಟ್ಟಿಯೊಳಗ ಇಳದೈತಿ. ಅದಕ್ಕ ಹಿಂಗ ಮೆತ್ತಗ ಮಾತಾಡತೈತಿ. ಒರಸಾಕ ಗಿರಸಾಕ ಹೋದ್ರ ಕೆಲಸ ಕೆಡ್ತು ನೋಡ್ರಿ." ಆಮೇಲೆ ಅವನೇ ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. "ಒಯ್ರಿ. ನೌಕರಿ ಸಿಕ್ಕ ಮ್ಯಾಲ ವ್ಯಾಪಾರದ ಮಾತು ಆಡೂಣು."

ಶ್ಯಾಮ ಆ ಬೇಸನ್ನು ಮನೆಗೆ ತಂದವನು ಕೂಸಿನ ಹಾಗೆ ನೋಡಿಕೊಂಡ. ಆದರೆ ತಂತಿ ಒರೆಸಬಾರದು ಎಂಬ ಮಾತನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೇಸ್‌ಮೆಂಟಿನ ಬೇಸನ್ನು ಮುಟ್ಟುವವರು ಯಾರಿದ್ದಾರೆ? ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರೆ. ಒಂಬತ್ತು ವರ್ಷದಲ್ಲಿ ಆಯುಧಪೂಜೆಯ ದಿನ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವುದಕ್ಕೂ ಗೊಣಗುತ್ತಿದ್ದ ಮನುಷ್ಯ, ಶುಕ್ರವಾರ ಊಟಕ್ಕೆ ಕೂತಾಗ ತಾನಾಗಿಯೇ, "ಅತ್ತೆ, ಈ ಸಲ ಭಾನುವಾರ ಆ ಬೇಸನ್ನೂ ಪೂಜೆಗೆ ಇಡೋಣ ಅಲ್ವಾ?" ಎಂದು ಕೇಳಿದ. ಪದ್ಮಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಂದಾಗಿನಿಂದ ಅಳಿಯನ ಬಾಡಿದ ಮುಖ ನೋಡಿ ನೋಡಿ ಆಕೆ ಸೋತಿದ್ದರು. ತಾನು ಮಾಡಬಹುದಾದ್ದು ಒಂದಾದರೂ ಸಿಕ್ಕಿತಲ್ಲ.

"ಅದಕ್ಕೇನಂತೆ, ಧಾರಾಳವಾಗಿ ಇಡೋಣ. ನಾನೆಲ್ಲಾ ನೋಡ್ಕೋತೀನಿ, ನೀವು ಯೋಚನೆ ಮಾಡ್ಬೇಡಿ ಶ್ಯಾಮ್," ಅಂದರು.

ಶನಿವಾರ ಶ್ಯಾಮ ವಾರೆನ್‌ಗೆ ಹೋಗಿದ್ದ. ಬ್ಯಾಡ್ಜು, ಲ್ಯಾಪ್‌ಟಾಪು, ತನ್ನ ಬಳಿ ಉಳಿದಿದ್ದ ಫೋಮ್ ರಬ್ಬರುಗಳ ಸ್ಯಾಂಪಲ್ ಡಬ್ಬಿ ಎಲ್ಲವನ್ನೂ ಹಿಂದಿರುಗಿಸಿ, ಯಾರೂ ಇಲ್ಲದ ಪಾರ್ಕಿಂಗಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮನೆಗೆ ಬಂದ. ಅಡಿಗೆಮನೆಯಲ್ಲಿ ದೀಪದ ಕಂಬಗಳೂ ತಾಮ್ರದ ಚೊಂಬುಗಳೂ ಥಳಥಳ ಹೊಳೆಯುತ್ತಿದ್ದವು. ವಿಭಾ ಅಜ್ಜಿಯ ಮುಖ ನೋಡಿ ಮುಸಿಮುಸಿ ನಗುತ್ತಿದ್ದಳು. ಅವನು ಗಮನಿಸಲಿಲ್ಲ. ಬೇಸ್ ಆಗಲೇ ಚೀಲದೊಳಗೆ ದೇವರ ಕೋಣೆ ಸೇರಿತ್ತು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತಾನೆ: ವಿಭಾಳ ಕಂಪ್ಯೂಟರು, ಪ್ರಭಾಳ ಹೊಲಿಗೆ ಯಂತ್ರ, ಕಾರಿನ ಕೀಲಿಕೈ, ಎಲ್ಲದರ ನಡುವೆ ಬೇಸ್ ಗೋಡೆಗೊರಗಿ ನಿಂತಿದೆ. ಮೈಮೇಲೆ ಅರಿಸಿನ ಕುಂಕುಮ, ಕೊರಳಿಗೆ ಹತ್ತಿಯ ಗೆಜ್ಜೆವಸ್ತ್ರ. ಉದ್ದಕ್ಕೂ ಪುಟ್ಟ ಪುಟ್ಟ ಉಂಡೆ ಮಾಡಿ, ನಡುನಡುವೆ ಕುಂಕುಮದ ನೀರಿನಲ್ಲಿ ಹಿಚುಕಿದ ಹತ್ತಿಯ ಮಾಲೆ, ಪದ್ಮಮ್ಮ ತಾವೇ ಕೂತು ಮಾಡಿದ್ದು. ಮತ್ತು ನಾಲ್ಕು ತಂತಿಗಳೂ ಹೊಚ್ಚ ಹೊಸ ಸ್ಟೀಲ್ ತಪ್ಪಲೆಯ ಹಾಗೆ ಫಳಫಳ ಹೊಳೆಯುತ್ತಿವೆ.

ಶ್ಯಾಮ ಬಾಗಿ ತಂತಿಗಳನ್ನು ಹತ್ತಿರದಿಂದ ನೋಡಿದ.

"ಏನು ಮಾಡಿದ್ರಿ ಇದಕ್ಕೆ?"

ಪದ್ಮಮ್ಮ ಹೆಮ್ಮೆಯಿಂದ ಹೇಳಿದರು: "ಯಾರ್ಯಾರ ಕೈ ಬೆವರೋ ಏನೋ, ಕರ್ರಗೆ ಮೆತ್ಕೊಂಡಿತ್ತು ಶ್ಯಾಮ್. ದೇವರ ಮುಂದೆ ಹಾಗೇ ಇಡಕ್ಕಾಗುತ್ತಾ? ಈ ಪುಟ್ಟಿ ಬಿಚ್ಚಿ ಕೊಟ್ಟಳು. ಬಿಸಿನೀರಲ್ಲಿ ಹುಣಸೆಹಣ್ಣು ಕದಡಿ, ಉಪ್ಪು ಹಾಕಿ ನೆನೆಸಿ, ನಾರಲ್ಲಿ ಚೆನ್ನಾಗಿ ಉಜ್ಜಿದೆ. ಎಷ್ಟು ಕೊಳೆ ಬಂತು ಅಂತೀರಿ!"

"ಇಟ್ ವಾಸ್ ಎ ಸರ್‌ಪ್ರೈಸ್, ಡ್ಯಾಡ್," ಅಂದಳು ವಿಭಾ. ಸ್ಕೂಲಿನಲ್ಲಿ ವಯೊಲಿನ್ ನುಡಿಸುವ ಹುಡುಗಿ, ತಂತಿ ಬಿಚ್ಚಿ ಕಟ್ಟುವುದು ಅವಳಿಗೆ ನೀರು ಕುಡಿದಷ್ಟು ಸುಲಭ.

ಶ್ಯಾಮ ಕೈ ಮುಂದೆ ಚಾಚಿದ. ಪದ್ಮಮ್ಮ ಗಾಬರಿಯಿಂದ ಅಡ್ಡ ಬಂದರು. "ಅಯ್ಯೋ ಮುಟ್ಟಬೇಡಿ, ಪೂಜೆ ಆಗಿದೆ! ನಾಳೆ ಬೆಳಿಗ್ಗೆ ಪುನಃಪೂಜೆ ಆದ್ಮೇಲೇ ತಗೋಬೇಕು."

ಆಗ ಶ್ಯಾಮನ ಬಾಯಿಂದ ಬಂದ ಮಾತು, ಬೇರೆ ದಿನವಾಗಿದ್ದರೆ ಅವನ ಬಾಯಿಗೆ ಬರುವ ಜಾತಿಯದಲ್ಲ. "ಯಾರು ಹೇಳಿದ್ದು ನಿಮಗೆ ಇದನ್ನ ಉಜ್ಜಿ ಅಂತ? ನಾಳೆ ಇದರಿಂದ ನಮ್ಮ ಬದುಕು ಉಳೀಬೇಕಿತ್ತು. ಹಾಳು ಮಾಡಿಬಿಟ್ರಿ. ಎಲ್ಲಾ ಹಾಳು ಮಾಡಿಬಿಟ್ರಿ!"

ಪದ್ಮಮ್ಮ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟರು. "ದೇವರ ಮುಂದೆ ಇಡೋದಲ್ವಾ ಅಂತ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ವಿಭಾ ಅಜ್ಜಿಯ ಪಕ್ಕ ಹೋಗಿ ನಿಂತು, "ಐ ಟುಕ್ ದೆಮ್ ಆಫ್. ಯೆಲ್ ಅಟ್ ಮಿ," ಅಂದಳು. ಪ್ರಭಾ ಗಂಡನ ಮುಖವನ್ನೂ ತಾಯಿಯ ಮುಖವನ್ನೂ ನೋಡಿ ಕಾರಿನ ಪೂಜೆಗಿಟ್ಟಿದ್ದ ನಿಂಬೆಹಣ್ಣು ಎತ್ತಿಕೊಂಡು ಹೊರಗೆ ಹೋದಳು.

ಮಧ್ಯಾಹ್ನ ಶ್ಯಾಮ ಪ್ಲಿಮತ್‌ಗೆ ಓಡಿದ. ಮಜೀದನಿಗೆ ವಿಷಯ ಹೇಳಿದ.

"ಹುಣಸಿಹಣ್ಣಾ? ತಂತಿಗಾ?" ಎಂದ ಮಜೀದ್. ನಗು ಬರುತ್ತಿತ್ತು, ಶ್ಯಾಮನ ಮುಖ ನೋಡಿ ನುಂಗಿಕೊಂಡ. "ನಮ್ಮ ಅಮ್ಮೀ ಆಗಿದ್ರೂ ಅದನ್ನ ಮಾಡ್ತಿದ್ಲು ಬಿಡ್ರಿ. ತಪ್ಪು ಅಂತೂ ಅನ್ನಾಕ ಬರಂಗಿಲ್ಲ."

"ಹಳೇ ತಂತಿ ಇನ್ಯಾವುದಾದ್ರೂ ಇದೆಯಾ ಮಜೀದ್ ಭಾಯ್?"

ಇಬ್ಬರೂ ಸೇರಿ ಅಂಗಡಿಯ ಎಲ್ಲ ಬೇಸುಗಳನ್ನೂ ಮೀಟಿ ನೋಡಿದರು. ಒಂದರ ತಂತಿಗೆ ತುಕ್ಕು, ಇನ್ನೊಂದರದು ನಿನ್ನೆ ಮೊನ್ನೆ ಹಾಕಿದ್ದು. "ಹೊಸಾ ಚಪ್ಪಟಿ ತಂತಿ ಬೇಕಾದ್ರ ಕೊಡ್ತೀನಿ, ಆದ್ರ ಅದೂ ಝಣಾ ಝಣಾ ಅಂತೈತಿ," ಅಂದ ಮಜೀದ್. "ಮುಪ್ಪು ಅಂಗಡ್ಯಾಗ ಸಿಗಂಗಿಲ್ರೀ." ಶ್ಯಾಮ ಬರಿಗೈಯಲ್ಲಿ ಹಿಂದಿರುಗಿದ.

ಸಂಜೆ ಪ್ರಭಾ ದೇವರ ಕೋಣೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. "ಅಮ್ಮ ಮಲಗಿದಾಳೆ. ಬೇಕಾದ್ರೆ ಒಂದು ಸಲ ಮೀಟಿ ನೋಡಿ. ನಾನು ಹೇಳಲ್ಲ."

ಶ್ಯಾಮ ಬೇಸಿನ ಮುಂದೆ ಕೂತ. ಮುಟ್ಟಿದರೆ ಏನೂ ಆಗುವುದಿಲ್ಲವೆಂದು ಅವನೊಳಗಿನ ಇಂಜಿನಿಯರನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮುಟ್ಟಿ, ನಾಳೆ ಕೆಲಸ ಸಿಗದೆ ಹೋದರೆ? ಮುಟ್ಟಿದ್ದಕ್ಕೇ ಸಿಗಲಿಲ್ಲವೇನೋ ಎಂದು ಜೀವಮಾನವಿಡೀ ಕೊರಗಬೇಕು. ಮುಟ್ಟದೆ ಹೋದರೆ ಸ್ವರ ಎಷ್ಟು ಕೆಟ್ಟಿದೆಯೆಂದು ತಿಳಿಯದೆಯೇ ಹೋಗಬೇಕು. ಒಳ್ಳೇ ಉಭಯಸಂಕಟ. ಬೆರಳನ್ನು ತಂತಿಯ ಹತ್ತಿರ ಒಯ್ದವನು ಹಿಂದೆಳೆದುಕೊಂಡ. ಕೆಲಸ ಹೋಗುವಾಗ ಧೈರ್ಯವೂ ಜೊತೆಗೇ ಹೋಗುತ್ತದೆ, ಅದು ಅವನಿಗೆ ಆಗ ಗೊತ್ತಾಯಿತು. ಊಟಕ್ಕೆ ಪದ್ಮಮ್ಮ ಬರಲಿಲ್ಲ, ಹೊಟ್ಟೆ ಭಾರ ಅಂದರಂತೆ. ಅಡಿಗೆಮನೆಯಲ್ಲಿ ಹುಣಸೆಹಣ್ಣಿನ ಡಬ್ಬಿ ಯಾವಾಗಲೂ ಇರುತ್ತಿದ್ದ ಜಾಗದಲ್ಲಿ ಇರಲಿಲ್ಲ. ಆಕೆ ಅದನ್ನು ಎಲ್ಲಕ್ಕಿಂತ ಮೇಲಿನ ಷೆಲ್ಫಿಗೆ ಏರಿಸಿ ಹಿಂದಕ್ಕೆ ತಳ್ಳಿದ್ದರು. ಕ್ಷಮಿಸಿ ಅನ್ನಬೇಕೆಂದು ಅವನಿಗೆ ಎರಡು ಸಲ ಅನ್ನಿಸಿತು. ಎರಡು ಸಲವೂ ಹೊಳೆಯುವ ತಂತಿಗಳು ನೆನಪಾಗಿ ಸಿಟ್ಟು ಮರಳಿ ಬಂತು.

ಸೋಮವಾರ ಬೆಳಕು ಹರಿಯುವ ಮೊದಲೇ ಅವನು ಎದ್ದಾಗ ಪುನಃಪೂಜೆ ಮುಗಿದಿತ್ತು. ಪದ್ಮಮ್ಮ ಅವನಿಗಿಂತ ಮೊದಲೇ ಎದ್ದು, ಸ್ನಾನ ಮಾಡಿ, ಬೇಸನ್ನು ಗೆಜ್ಜೆವಸ್ತ್ರದ ಸಮೇತ ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಿದ್ದರು. ಪಕ್ಕದಲ್ಲಿ ಊಟದ ಡಬ್ಬಿ. ಆಕೆ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ.

ಶ್ಯಾಮ ಐ-94 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟ. ತನ್ನ ಬೇಸನ್ನೇ ತರಬೇಕಿತ್ತೇ? ಹೊಸ ತಂತಿ ಕೊಳ್ಳಬೇಕಿತ್ತೇ? ತಿರುಗಿ ಹೋಗಿಬಿಡಲೇ? ಪ್ರತಿ ಎಕ್ಸಿಟ್ ಬಂದಾಗಲೂ ಕೈ ಇಂಡಿಕೇಟರಿನ ಕಡೆಗೆ ಹೋಗುತ್ತಿತ್ತು. ಕಲಮಜೂ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾ ಬಂತು. ಕಾರು ನಿಲ್ಲಿಸಿ, ಏನಾದರೂ ತಿನ್ನೋಣವೆಂದು ಡಬ್ಬಿ ತೆರೆದ.

ಮೊಸರನ್ನ. ಬರೀ ಮೊಸರನ್ನ.

ಪದ್ಮಮ್ಮ ಯಾರು ಊರಿಗೆ ಹೊರಟರೂ ಕಟ್ಟುತ್ತಿದ್ದದ್ದು ಪುಳಿಯೋಗರೆ. ಅವರ ಪುಳಿಯೋಗರೆ ಮೈಸೂರಿನ ನಂಟರಲ್ಲೆಲ್ಲ ಹೆಸರುವಾಸಿ. ದಾರಿಗೆ ಪುಳಿಯೋಗರೆ ಇಲ್ಲದೆ ಆಕೆ ಈವರೆಗೆ ಯಾರನ್ನೂ ಹೊಸಿಲು ದಾಟಿಸಿದವರಲ್ಲ. ಇವತ್ತು ಹುಣಸೆಹಣ್ಣು ಮುಟ್ಟುವುದಕ್ಕೆ ಆಕೆಗೆ ಹೆದರಿಕೆಯಾಗಿದೆ. ತನ್ನ ಬಾಯಿಗಿಷ್ಟು ಮಣ್ಣು ಬೀಳಲಿ ಎಂದು ಶ್ಯಾಮನಿಗೆ ತನ್ನ ಮೇಲೇ ಅಸಹ್ಯವಾಯಿತು.

ಡಬ್ಬಿ ಮುಚ್ಚಿ, ಹಿಂದಿನ ಬಾಗಿಲು ತೆರೆದು, ಬೇಸನ್ನು ಹೊರಗೆಳೆದ. ಈಗ ಮುಟ್ಟಬಹುದು. ಆಂಪ್ಲಿಫೈಯರ್ ಇಲ್ಲ, ಮರದ ಅಂಚಿಗೆ ಕಿವಿಯಾನಿಸಿ ಮೀಟಿದ. ಝೈಂಯ್ ಎಂದಿತು. ಸ್ಟೀಲ್ ಲೋಟ ಮೊಸಾಯಿಕ್ ನೆಲಕ್ಕೆ ಬಿದ್ದ ಹಾಗೆ. ಎದ್ದ ಸ್ವರ ಕೂರುವ ಮಾತೇ ಇಲ್ಲ, ಮೇಲೆ ಮೇಲೆ ಗಿಲಿಗುಟ್ಟುತ್ತಲೇ ಇದೆ. ಶ್ಯಾಮ ಕಣ್ಣು ಮುಚ್ಚಿದ. ಮುಚ್ಚಿದಾಗ ಅಭ್ಯಾಸಬಲದಿಂದ ಕಿವಿ ತನ್ನ ಹಳೇ ಕೆಲಸ ಶುರುಮಾಡಿತು. ಎಲ್ಲಿಂದ ಬರುತ್ತಿದೆ ಈ ಗಿಲಿಗಿಲಿ? ಕೆಳಗಿನ ಧಮ್ಮು ಹೋಗಿಲ್ಲ. ಅದು ಅಲ್ಲೇ ಇದೆ, ಮೇಲಿನ ಗಲಾಟೆಯಲ್ಲಿ ಮುಳುಗಿದೆ ಅಷ್ಟೆ. ಇದು ಕಾರಿನ ಬಾಗಿಲಾಗಿದ್ದರೆ ಏನು ಮಾಡುತ್ತಿದ್ದೆ? ತಂತಿ ಕೊನೆಯಾಗುವ ಜಾಗದಲ್ಲಿ, ಕೆಳಗೆ, ಸ್ವಲ್ಪ ಫೋಮ್ ಇಡುತ್ತಿದ್ದೆ. ಫೋಮನ್ನೆಲ್ಲ ಶನಿವಾರ ಹಿಂದಿರುಗಿಸಿ ಬಂದಿದ್ದ. ಜೇಬು ತಡಕಿದ, ಕಾರು ತಡಕಿದ. ಕರವಸ್ತ್ರ ಮಡಿಸಿ ತುರುಕಿ ನೋಡಿದ, ಸ್ವರ ಸತ್ತೇಹೋಯಿತು.

ಆಗ ಬೇಸಿನ ಕೊರಳಿನಿಂದ ಗೆಜ್ಜೆವಸ್ತ್ರ ಜಾರಿ ಅವನ ಕೈಮೇಲೆ ಬಿತ್ತು.

ಹತ್ತಿಯ ಉಂಡೆಗಳು ಒಂದೊಂದೂ ಒಂದೇ ಅಳತೆ. ಪದ್ಮಮ್ಮನ ಬೆರಳುಗಳಿಗೆ ಅರವತ್ತು ವರ್ಷದ ಅಭ್ಯಾಸ. ಶ್ಯಾಮ ಮಾಲೆಯನ್ನು ತಂತಿಗಳ ಕೆಳಗೆ ಅಡ್ಡಲಾಗಿ ಎಳೆದು, ಒಂದೊಂದು ತಂತಿಯ ಅಡಿಗೆ ಒಂದೊಂದು ಉಂಡೆ ಬರುವಂತೆ ಕೂರಿಸಿದ. ಮೀಟಿದ. ಕೂದಲೆಳೆಯಷ್ಟು ಹಿಂದೆ ಸರಿಸಿದ, ಮತ್ತೆ ಮೀಟಿದ. ದಪ್ಪ ತಂತಿ ಇನ್ನೂ ಹಟ ಮಾಡುತ್ತಿತ್ತು. ಅದಕ್ಕೆ ಎರಡು ಉಂಡೆ ಕೊಟ್ಟ. ಪಕ್ಕದಲ್ಲಿ ಟ್ರಕ್ ನಿಲ್ಲಿಸಿದ್ದ ಡ್ರೈವರನೊಬ್ಬ ಕಾಫಿ ಕುಡಿಯುತ್ತ, ಕಾರಿನ ಬಾಗಿಲಲ್ಲಿ ಗಿಟಾರಿಗೆ ಕಿವಿಯಾನಿಸಿ ಕೂತ ಈ ಮನುಷ್ಯನನ್ನು ನೋಡುತ್ತಿದ್ದ. ಶ್ಯಾಮನಿಗೆ ಅದರ ಪರಿವೆ ಇರಲಿಲ್ಲ. ಚರ್ಚಿನವನ ಸ್ವರ ಬಂತೇ? ಪೂರ್ತಿ ಬರಲಿಲ್ಲ. ಬಹಳ ಹತ್ತಿರದ್ದೊಂದು ಬಂತು.

ಹೆಲೆನ್ ನೊವಾಕಳ ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ. ಹೊಲಿಗೆ ಯಂತ್ರದಂಥ ಸುತ್ತುವ ಯಂತ್ರಗಳು ಸಾಲಾಗಿದ್ದವು, ಹೆಚ್ಚಿನವುಗಳ ಮೇಲೆ ಬಟ್ಟೆ ಮುಚ್ಚಿತ್ತು. ಕುಳ್ಳಗಿನ ಮುದುಕಿ, ಎರಡು ಕನ್ನಡಕ, ಒಂದು ಕಣ್ಣಿಗೆ, ಒಂದು ತಲೆಗೆ. ಹಳೆಯ ಆಂಪ್ಲಿಫೈಯರೊಂದನ್ನು ತೋರಿಸಿ, ಸ್ಟೂಲಿನ ಮೇಲೆ ಕೂತು, ಹೇಳಿದಂತೆಯೇ ಕಣ್ಣು ಮುಚ್ಚಿದಳು.

ಶ್ಯಾಮ ವೈರ್ ಸಿಕ್ಕಿಸಿದ. ಗಣೇಶನ ಪೆಂಡಾಲುಗಳಲ್ಲಿ ಹಾಡು ಶುರುವಾಗುವ ಮೊದಲು ನುಡಿಸುತ್ತಿದ್ದ ಮಂದ್ರ ಸ್ವರಗಳ ಒಂದು ನಡಿಗೆಯನ್ನು ನುಡಿಸಿದ. ಮುಗಿಸಿದಾಗ ಆಕೆ ಕಣ್ಣು ತೆರೆದು ನೇರವಾಗಿ ತಂತಿಗಳ ಬುಡಕ್ಕೆ ನೋಡಿದಳು.

"ಅದೇನು ಕೆಂಪು ಕೆಂಪಗೆ?"

ಏನಾದರೂ ಇಂಜಿನಿಯರಿಂಗ್ ಹೆಸರು ಹೇಳಿ ಪಾರಾಗಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವನಿಗೆ ಮೊಸರನ್ನದ ಡಬ್ಬಿ ನೆನಪಾಯಿತು. ಎಲ್ಲವನ್ನೂ ಹೇಳಿದ: ಚರ್ಚಿನವನ ಬೆವರು, ಅತ್ತೆಯ ಹುಣಸೆಹಣ್ಣು, ಮುಟ್ಟಬಾರದ ದಿನ, ತಾನಾಡಿದ ಮಾತು, ರೆಸ್ಟ್ ಏರಿಯಾದ ಹತ್ತಿ. ಹೇಳುತ್ತ ಹೇಳುತ್ತ, ಆಯಿತು, ಎಲ್ಲ ಮುಗಿಯಿತು ಅಂದುಕೊಂಡ.

"ಅದನ್ನ ತೆಗೆದು ನುಡಿಸು," ಅಂದಳು ಮುದುಕಿ. ತೆಗೆದು ನುಡಿಸಿದ. ಝೈಂಯ್. ಆಕೆ ಮುಖ ಸಿಂಡರಿಸಿದಳು. "ಮತ್ತೆ ಹಾಕು." ಮತ್ತೆ ಹಾಕಿ, ಸರಿಸಿ, ನುಡಿಸಿದ.

"ದಪ್ಪ ತಂತಿಗೆ ಎರಡು ಯಾಕೆ?"

"ಒಂದಕ್ಕೆ ಅದು ಸುಮ್ಮನಾಗುವುದಿಲ್ಲ."

"ಮೂರು ಇಡಬಹುದಿತ್ತು. ಪೂರ್ತಿ ಸುಮ್ಮನಾಗುತ್ತಿತ್ತು."

"ಆಗ ಹಾಡಿಗೆ ಅಂತ ಏನೂ ಉಳಿಯುವುದಿಲ್ಲ, ಮಿಸೆಸ್ ನೊವಾಕ್." ಈ ಮಾತು ತನ್ನೊಳಗೆ ಇತ್ತೆಂದು ಶ್ಯಾಮನಿಗೆ ಆವರೆಗೆ ಗೊತ್ತಿರಲಿಲ್ಲ.

ಆಕೆ ತಲೆಯ ಮೇಲಿನ ಕನ್ನಡಕವನ್ನು ಕೆಳಗಿಳಿಸಿ, ಹತ್ತಿಯ ಉಂಡೆಯೊಂದನ್ನು ಬೆರಳ ತುದಿಯಲ್ಲಿ ಮೆಲ್ಲನೆ ಒತ್ತಿ ನೋಡಿದಳು. "ಈ ತಿಂಗಳು ಬಹಳ ಜನ ಬಂದರು. ಒಳ್ಳೊಳ್ಳೆಯ ಬೇಸು ತಂದರು, ಒಳ್ಳೊಳ್ಳೆಯ ಸ್ವರ ಕೇಳಿಸಿದರು. ಈ ಸ್ವರ ನಾಳೆ ಕಳೆದುಹೋದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಇನ್ನೊಂದು ಬೇಸ್ ಕೊಳ್ಳುತ್ತೇವೆ ಅಂದರು. ನನ್ನದು ಕಳೆದುಹೋಗಿದೆ. ಕೊಳ್ಳುವುದಕ್ಕೆ ಎಲ್ಲೂ ಸಿಗುವುದಿಲ್ಲ." ಸ್ಟೂಲಿನಿಂದ ಇಳಿದು, ಒಂದು ಯಂತ್ರದ ಮೇಲಿನ ಬಟ್ಟೆ ಎಳೆದಳು. "ಇದು ನಿನ್ನದು. ಆ ವೀಸಾದ ಕಾಗದ ಯಾವ ಲಾಯರಿಗೆ ಕಳಿಸಬೇಕು, ಹೇಳು. ಮತ್ತೆ, ದಪ್ಪ ತಂತಿ ಇನ್ನೂ ಸ್ವಲ್ಪ ಜೋರಿದೆ."

ಹೊರಗೆ ಬಂದ ಶ್ಯಾಮ ಕಾರಿಗೆ ಒರಗಿ ನಿಂತು ಮನೆಗೆ ಫೋನ್ ಮಾಡಿದ. ಎತ್ತಿದ್ದು ಪ್ರಭಾ. "ಏನಾಯ್ತ್ರೀ? ಹೇಳಿ, ಏನಾಯ್ತು?" ಅಂದಳು ಒಂದೇ ಉಸಿರಿಗೆ.

"ಅತ್ತೆಗೆ ಕೊಡು."

ಫೋನು ಕೈ ಬದಲಾಯಿತು.

"ಅತ್ತೆ," ಅಂದ ಶ್ಯಾಮ, "ನಾಳೆ ಪುಳಿಯೋಗರೆ ಮಾಡ್ತೀರಾ? ಹುಣಸೆಹಣ್ಣು ಇನ್ನೂ ಇದೆ ಅಲ್ವಾ?"

ಆ ಕಡೆ ಮೂಗೆಳೆದುಕೊಂಡ ಸದ್ದು, ಅಡಿಗೆಮನೆಯ ನೆಲದ ಮೇಲೆ ಕುರ್ಚಿ ಎಳೆದ ಸದ್ದು.

"ಇದೆ, ಇದೆ. ಮೇಲಿಟ್ಟಿದೀನಿ," ಅಂದರು ಪದ್ಮಮ್ಮ. "ಇಳಿಸ್ತೀನಿ, ತಡೀರಿ."